ಬೇಸಗೆಯಲ್ಲಿ ರೇಷ್ಮೆಹುಳು ಮನೆಯ ಚಾವಣಿಯನ್ನು ತಂಪಾಗಿಡುವ ಕ್ರಮ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಕಬ್ಬು ಭತ್ತಗಳ ಜೊತೆಗೆ ಹಿಪ್ಪುನೇರಳೆಯನ್ನು ಬೆಳೆದು ರೇಷ್ಮೆಹುಳು ಸಾಕುವ ಒಕ್ಕಲುಗಳು ಬಹಳ. ಹುಳು ಮನೆಗೆ ತಗಡಿನ ಅಥವಾ ಕಲ್ನಾರು ಶೀಟಿನ ಚಾವಣಿ ಇದ್ದಲ್ಲಿ, ಮಾರ್ಚಿಯಿಂದ ಮೇ ವರೆಗಿನ ಬಿಸಿಲಿಗೆ ಅದು ಕಾದು, ಝಳವು ನೇರವಾಗಿ ಹುಳುಗಳ ಮೇಲೆ ಇಳಿಯುವುದು.

ನಷ್ಟದ ಕಾರಣ

ರೇಷ್ಮೆಹುಳುವಿನ ಮೈಶಾಖವು ಸುತ್ತಲಿನ ಗಾಳಿಯನ್ನು ಅನುಸರಿಸುವುದು. ಎಳೆಯ ಹುಳುವಿಗೆ 27–28 ಡಿಗ್ರಿ ಸೆಂಟಿಗ್ರೇಡ್ ಶಾಖವು ಹಿತವಾದರೆ, ನಾಲ್ಕನೆಯ ಜ್ವರದಿಂದ ಎದ್ದ ಹುಳುವಿಗೆ 24–25 ಡಿಗ್ರಿ ಸಾಕು. ಶಾಖವು ಮಿತಿಮೀರಿದರೆ ಸೊಪ್ಪು ಬೇಗನೆ ಬಾಡುವುದು. ಹುಳು ಮೇವು ಬಿಟ್ಟು ನಿಶ್ಶಕ್ತವಾಗಿ ಸಪ್ಪೆ ರೋಗಕ್ಕೆ ತುತ್ತಾಗುವುದು. ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಭಾಗವು ಖರ್ಚಾಗುವುದು ಈ ಕಡೆಯ ಏಳೆಂಟು ದಿನಗಳಲ್ಲಿಯೇ. ಆದುದರಿಂದ ಆಗ ಕೆಟ್ಟ ಬೆಳೆಯು ಸೊಪ್ಪು, ಕೂಲಿ, ಮೊಟ್ಟೆಯ ಬೆಲೆ ಮೂರನ್ನೂ ನುಂಗುವುದು.

ಮಾಡತಕ್ಕ ಕೆಲಸಗಳು

1. ಶಾಖವನ್ನು ಚಾವಣಿಯ ಹೊರಗೇ ತಡೆಯುವುದು ಮೇಲು. ಶೀಟಿನ ಮೇಲೆ ಬಿದಿರಿನ ಗಳುಗಳನ್ನು ಕಟ್ಟಿ, ಒಂದು ಗೇಣು ಎಡೆ ಬಿಟ್ಟು, ಹೆಣೆದ ತೆಂಗಿನ ಗರಿಯನ್ನಾಗಲಿ ಕಬ್ಬಿನ ಸೋಗೆಯನ್ನಾಗಲಿ ದಪ್ಪವಾಗಿ ಹೊದಿಸತಕ್ಕದ್ದು. ಹೊದಿಕೆಯು ಬಿಸಿಲನ್ನು ತಡೆಯುವುದು. ಎಡೆಯಲ್ಲಿ ಆಡುವ ಗಾಳಿಯು ಉಳಿದ ಶಾಖವನ್ನು ಒಯ್ಯುವುದು. ಕಲ್ನಾರು ಶೀಟು ಕಾಲಿಟ್ಟರೆ ಒಡೆಯುವುದಾದ್ದರಿಂದ ಹಲಗೆಯನ್ನು ಹಾಸಿಯೇ ಅದರ ಮೇಲೆ ಓಡಾಡಬೇಕು.

2. ಕಾಂಕ್ರೀಟು ತಾರಸಿಯಾದರೆ ಪ್ರತಿವರ್ಷವೂ ಬಿಳಿಯ ಸುಣ್ಣವನ್ನು ಬಳಿಯಬೇಕು. ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸುವುದು.

3. ಒಳಗಡೆ ಚಾವಣಿಯ ಕೆಳಗೆ ಬಿದಿರಿನ ಚಾಪೆಯನ್ನು ಕಟ್ಟಿ, ಗೋಡೆಯ ಮೇಲ್ತುದಿಯಲ್ಲಿ ಬಿಸಿಗಾಳಿ ಹೊರಡಲು ಗವಾಕ್ಷಿಗಳನ್ನು ಬಿಡಬೇಕು. ಊಜಿ ನೊಣವು ಬಾರದಂತೆ ಅವುಗಳಿಗೆ ಬಲೆ ಅವಶ್ಯ.

4. ಹೊದಿಕೆಯಿಲ್ಲದೆ ಬರಿಯ ನೀರನ್ನೇ ನಂಬಬಾರದು. ಗಾಳಿಯಾಡದ ಮನೆಯಲ್ಲಿ ನೀರು ಚಿಮುಕಿಸಿದರೆ ಸೆಕೆಯೂ ತೇವವೂ ಕೂಡಿ ರೋಗವು ಹೆಚ್ಚುವುದು. ಕಿಟಕಿಗೆ ಒದ್ದೆ ಗೋಣಿಯನ್ನು ಕಟ್ಟುವಾಗಲೂ ಎದುರಿನ ಗವಾಕ್ಷಿ ತೆರೆದಿರಬೇಕು.

ಎಚ್ಚರಿಕೆ

ಕೀಟನಾಶಕ ಸಿಂಪಡಿಸಿದ ಗದ್ದೆಯ ಸೋಗೆಯನ್ನು ಎಂದಿಗೂ ಹೊದಿಸಕೂಡದು. ಆ ವಿಷವು ಅಲ್ಪವಾದರೂ ಹುಳುವಿಗೆ ಮಾರಕ. ಒಣ ಸೋಗೆಗೆ ಬೆಂಕಿಯ ಭಯವುಂಟು. ಒಲೆಯೂ ವಿದ್ಯುತ್ ತಂತಿಯೂ ಅದರಿಂದ ದೂರವಿರಲಿ.

ಈ ಸಾಮಗ್ರಿಗಳಲ್ಲಿ ಬಹುಪಾಲು ಊರಿನ ತೋಟ ಗದ್ದೆಗಳಲ್ಲಿಯೇ ದೊರೆಯತಕ್ಕವು. ಗ್ರಾಮದ ಮುಖಂಡರೂ ಜಮೀನುದಾರರೂ ಶಿವರಾತ್ರಿಗೆ ಮುಂಚೆಯೇ ತಮ್ಮ ಹುಳು ಮನೆಗಳಿಗೆ ಹೊದಿಕೆ ಮಾಡಿಸಿ, ಒಳಗೊಂದು ಉಷ್ಣಮಾಪಕವನ್ನು ತೂಗುಹಾಕಿ, ಮಧ್ಯಾಹ್ನದ ಶಾಖವನ್ನು ಹೊದಿಕೆಯಿಲ್ಲದ ಮನೆಯದರೊಡನೆ ಹೋಲಿಸಿ ನೆರೆಯವರಿಗೆ ತೋರಿಸಿದರೆ, ಸಣ್ಣ ಒಕ್ಕಲುಗಳೂ ಅದೇ ಕ್ರಮವನ್ನು ಅನುಸರಿಸುವರು.