ಐಜಿಎ ವ್ಯಾಸ್ಕುಲೈಟಿಸ್: ಕರುಳಿನ ತೊಂದರೆಗೆ ಮಲದ ಸೂಚಕಗಳು

ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ರಕ್ತನಾಳದ ಉರಿಯೂತವಿದು. ಹೆನಾಕ್-ಶೋನ್‌ಲೈನ್ ಪರ್ಪ್ಯುರಾ ಎಂಬ ಹಳೆಯ ಹೆಸರನ್ನು ರಕ್ತನಾಳದ ಉರಿಯೂತಗಳಿಗೆ ಹೆಸರಿಡುವ 2012ರ ಚಾಪೆಲ್ ಹಿಲ್ ನಾಮಕರಣ ಬದಲಿಸಿತು. ಕಾಲು, ಪೃಷ್ಠದ ಮೇಲೆ ಬೆರಳಿಗೆ ಉಬ್ಬಾಗಿ ತಾಗುವ, ಒತ್ತಿದರೂ ಮಾಸದ ಕೆನ್ನೇರಳೆ ಕಲೆಗಳು ಇದರ ಗುರುತು. ಪ್ಲೇಟ್‌ಲೆಟ್ ಸಂಖ್ಯೆ ಮಾತ್ರ ಕಡಿಮೆಯಾಗಿರುವುದಿಲ್ಲ. ಈ ಅಂಶವನ್ನು ಮರೆಯಬೇಡಿ.

ಕೀಲು, ಮೂತ್ರಪಿಂಡದ ಜೊತೆಗೆ ಕರುಳಿಗೂ ಪೆಟ್ಟು ಬೀಳುತ್ತದೆ. ಕೆಲವು ಮಕ್ಕಳಲ್ಲಿ ಕಲೆ ಮೂಡುವ ಮೊದಲೇ ಹೊಟ್ಟೆನೋವು ಶುರುವಾಗಿ ರೋಗ ಪತ್ತೆ ತಡವಾಗುತ್ತದೆ. ಕಣ್ಣಿಗೆ ಕಾಣದ ರಕ್ತಸ್ರಾವವನ್ನು ಗುಪ್ತರಕ್ತ ಪರೀಕ್ಷೆ ಹಿಡಿಯುತ್ತದೆ: ಗ್ವಾಯಕ್ ಲೇಪಿತ ಕಾಗದಕ್ಕೆ ಮಲ ಸವರಿ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದಾಗ, ರಕ್ತದ ಹೀಮ್ ಇದ್ದರೆ ನೀಲಿ ಬಣ್ಣ ಬರುತ್ತದೆ.

ಹೆಚ್ಚು ಗಮನಿಸಬೇಕಾದದ್ದು ಕ್ಯಾಲ್ಪ್ರೊಟೆಕ್ಟಿನ್. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿರುವ ಈ ಪ್ರೋಟೀನ್ ಕ್ಯಾಲ್ಸಿಯಂ, ಸತುವನ್ನು ಹಿಡಿದುಕೊಳ್ಳುತ್ತದೆ. ಕರುಳು ಉರಿಯೂತಗೊಂಡಾಗ ಮಲದಲ್ಲಿ ಏರುತ್ತದೆ. ಸಾಮಾನ್ಯವಾಗಿ ಬಳಸುವ ಮಿತಿ ಗ್ರಾಂ ಮಲಕ್ಕೆ 50 ಮೈಕ್ರೋಗ್ರಾಂ. ಆದರೆ 4 ವರ್ಷದೊಳಗಿನ ಆರೋಗ್ಯವಂತ ಮಕ್ಕಳಲ್ಲೂ ಇದು ಹೆಚ್ಚಿರಬಹುದು. ಕರುಳಿನ ಸೋಂಕು, ಕ್ರೋನ್ಸ್ ಕಾಯಿಲೆಯಲ್ಲೂ ಏರುವುದರಿಂದ ಇದೊಂದರಿಂದಲೇ ರೋಗ ನಿರ್ಣಯ ಸಲ್ಲದು. ನೋವು ತೀವ್ರವಾಗಿದ್ದರೆ, ಕರುಳೊಳಗೆ ಕರುಳು ಸೇರಿಕೊಂಡಿದೆಯೇ ಎಂದು ಅಲ್ಟ್ರಾಸೌಂಡ್‌ನಲ್ಲಿ ತಕ್ಷಣ ನೋಡಲೇಬೇಕು.