ಡಬ್ಬಿಯ ಮೇಲಿನ ‘ಎಲ್-ಮೆಥಿಯೊನಿನ್’ ಏನು?

ಪ್ರಶ್ನೆ: ನನ್ನ ಮಗಳಿಗೆ ಮೂರು ತಿಂಗಳು. ಗ್ಯಾಲಕ್ಟೊಸೀಮಿಯಾ ಎಂದು ಗೊತ್ತಾದ ಮೇಲೆ ಎದೆಹಾಲು ನಿಲ್ಲಿಸಿ, ಡಾಕ್ಟರು ಬರೆದುಕೊಟ್ಟ ಸೋಯಾ ಪುಡಿ ಕುಡಿಸುತ್ತಿದ್ದೇವೆ. ಡಬ್ಬಿಯ ಮೇಲೆ ಎಲ್-ಮೆಥಿಯೊನಿನ್, ಟಾರಿನ್, ಕಾರ್ನಿಟಿನ್ ಎಂದೆಲ್ಲ ಬರೆದಿದೆ. “ಎಳೆಕೂಸಿಗೆ ಈ ಕೆಮಿಕಲ್ ಯಾಕೆ? ಸೋಯಾಕಾಳು ನೆನೆಹಾಕಿ, ರುಬ್ಬಿ, ಹಾಲು ತೆಗೆದರಾಯಿತು” ಅನ್ನುತ್ತಾರೆ ನಮ್ಮತ್ತೆ. ಹಾಗೆ ಮಾಡಬಹುದೇ ಡಾಕ್ಟ್ರೇ?
– ಓದುಗರು, ಯಲಹಂಕ ಉಪನಗರ

ಉತ್ತರ: ಬೇಡಮ್ಮ, ಖಂಡಿತ ಬೇಡ. ಎದೆಹಾಲು ಬಿಡಿಸಿದೆನಲ್ಲ ಎಂದು ನೊಂದುಕೊಳ್ಳಲೂ ಬೇಡಿ. ಈ ಕಾಯಿಲೆಯಿದ್ದ ಮಗುವಿಗೆ ಹಾಲಿನ ಸಕ್ಕರೆಯಿಂದ ಬರುವ ಗ್ಯಾಲಕ್ಟೋಸೇ ವಿಷ. ಲಿವರ್, ಕಣ್ಣು, ಮಿದುಳು ಮೂರಕ್ಕೂ ಪೆಟ್ಟು. ಎದೆಹಾಲು ನಿಲ್ಲಿಸಿಯೇ ನೀವು ಮಗುವನ್ನು ಕಾಪಾಡಿದ್ದೀರಿ.

ಇನ್ನು ಮೆಥಿಯೊನಿನ್. ಪ್ರೋಟೀನ್ ಎನ್ನುವುದು ಅಮೈನೋ ಆಮ್ಲಗಳ ಸರ. ಒಂದು ಮಣಿ ಕಡಿಮೆಬಿದ್ದರೂ ಸರ ಪೋಣಿಸುವುದು ಅಲ್ಲಿಗೇ ನಿಲ್ಲುತ್ತದೆ. ಸೋಯಾ ಸೇರಿದಂತೆ ಎಲ್ಲ ಬೇಳೆಕಾಳುಗಳಲ್ಲಿ ಕಡಿಮೆಯಿರುವ ಮಣಿ ಮೆಥಿಯೊನಿನ್. ನಾವು ದೊಡ್ಡವರು ಹುರುಳಿ ಸಾರಿನ ಜೊತೆ ಮುದ್ದೆ ಉಣ್ಣುತ್ತೇವೆ. ಸಾರಿನ ಕೊರತೆಯನ್ನು ರಾಗಿ ತುಂಬುತ್ತದೆ, ಏಕೆಂದರೆ ರಾಗಿಯಲ್ಲಿ ಮೆಥಿಯೊನಿನ್ ಚೆನ್ನಾಗಿದೆ. ಮೂರು ತಿಂಗಳ ಕೂಸು ಮುದ್ದೆ ತಿನ್ನಲಾರದು. ಅದಕ್ಕೆ ಬಾಟಲಿಯೇ ಇಡೀ ಊಟ. ಅದಕ್ಕಾಗಿ ಆ ಮಣಿಯನ್ನು ಡಬ್ಬಿಯಲ್ಲೇ ಸೇರಿಸುತ್ತಾರೆ. ‘ಎಲ್’ ಎಂದರೆ ನಮ್ಮ ದೇಹದ ಪ್ರೋಟೀನುಗಳಲ್ಲಿ ಇರುವ ರೂಪವೇ. ಶಿಶು ಆಹಾರಕ್ಕೆ ಆ ರೂಪವನ್ನಷ್ಟೇ ಬಳಸಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ.

ಕಾರ್ನಿಟಿನ್ ಕೊಬ್ಬನ್ನು ಜೀವಕೋಶದೊಳಗೆ ಉರಿಯುವ ಜಾಗಕ್ಕೆ ಹೊತ್ತೊಯ್ಯುತ್ತದೆ. ಟಾರಿನ್ ಪಿತ್ತರಸಕ್ಕೂ ಕಣ್ಣಿಗೂ ಬೇಕು. ಎರಡೂ ಎದೆಹಾಲಿನಲ್ಲಿವೆ, ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಅತ್ತೆಯವರ ಮಾತಿಗೆ ಬರೋಣ. ಸೋಯಾ ಹಾಲಿನ ಪೌಷ್ಟಿಕತೆಯನ್ನು 1940ರ ದಶಕದಲ್ಲೇ ನಮ್ಮ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಸುಬ್ರಹ್ಮಣ್ಯನ್ ಮತ್ತು ಸಂಗಡಿಗರು ಪರೀಕ್ಷಿಸಿದ್ದರು. ಹಸಿ ಸೋಯಾದಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶವಿದೆ. ಚೆನ್ನಾಗಿ ಬೇಯಿಸಿದರೆ ಅದು ಬಹುಮಟ್ಟಿಗೆ ಹೋಗುತ್ತದೆ. ಆದರೆ ಬೇಯಿಸಿದ ಮಾತ್ರಕ್ಕೆ ಮೆಥಿಯೊನಿನ್ ಹುಟ್ಟುವುದಿಲ್ಲ. ಜೊತೆಗೆ ಕಾಳಿನ ಫೈಟೇಟ್ ಸತುವನ್ನೂ ಕಬ್ಬಿಣವನ್ನೂ ಕಟ್ಟಿಹಾಕುತ್ತದೆ. ಅಂಗಡಿಯ ಸೋಯಾ ಹಾಲಿನ ಪೊಟ್ಟಣವೂ ದೊಡ್ಡವರಿಗಾಗಿ ಮಾಡಿದ್ದು, ಕೂಸಿಗಲ್ಲ. 2003ರಲ್ಲಿ ಇಸ್ರೇಲಿನಲ್ಲಿ ಒಂದು ಸೋಯಾ ಶಿಶು ಆಹಾರದಲ್ಲಿ ಥಯಾಮಿನ್ ಎಂಬ ಒಂದೇ ಒಂದು ವಿಟಮಿನ್ ತಪ್ಪಿಹೋಗಿ ಹಸುಗೂಸುಗಳು ಸತ್ತವು. ಒಂದೇ ಆಹಾರ ನಂಬಿದ ಮಗುವಿಗೆ ಒಂದು ಕೊರತೆಯೂ ಸಣ್ಣದಲ್ಲ. ಹಾಗೆಂದು ಮೆಥಿಯೊನಿನ್ ಪುಡಿ ತಂದು ನೀವೇ ಬೆರೆಸಲೂ ಹೋಗಬೇಡಿ, ಹೆಚ್ಚಾದರೂ ಅಪಾಯ.

ಪುಡಿ ದುಬಾರಿ, ನನಗೆ ಗೊತ್ತು. ಡಬ್ಬಿ ಹೆಚ್ಚು ದಿನ ಬರಲಿ ಎಂದು ನೀರು ಜಾಸ್ತಿ ಹಾಕಿ ತೆಳುವಾಗಿಸುವವರನ್ನು ಕಂಡಿದ್ದೇನೆ, ಅದೂ ಹಸಿವೆಯೇ. ಅಳತೆ ಚಮಚ ಸಮಮಟ್ಟ ಇರಲಿ. ಫಿಲ್ಟರ್ ನೀರಾದರೂ ಕುದಿಸಿ.

ಇದನ್ನು ಓದಿದ ಬೇರೆ ತಾಯಂದಿರಿಗೊಂದು ಮಾತು: ಮಗು ಅಳುತ್ತದೆ, ಗ್ಯಾಸ್ ಎಂದು ಸೋಯಾ ಪುಡಿ ಕೊಳ್ಳಬೇಡಿ. 1800 ಗ್ರಾಂಗಿಂತ ಕಡಿಮೆ ತೂಕದಲ್ಲಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಇದು ಸಲ್ಲದು. ಎದೆಹಾಲು ಕುಡಿಯಬಲ್ಲ ಮಗುವಿಗೆ ಎದೆಹಾಲೇ ಸರಿ.

ನಿಮ್ಮ ಮಗಳಿಗೆ ಆರು ತಿಂಗಳಾದಾಗ ಹಾಲು ಬೆರೆಸದ ರಾಗಿ ಸರಿ ಶುರುಮಾಡುವ ಬಗ್ಗೆ ಡಾಕ್ಟರನ್ನು ಕೇಳಿ. ಮುಂದಿನ ತಪಾಸಣೆಗೆ ಹೋಗುವಾಗ ಡಬ್ಬಿಯನ್ನು ಒಯ್ಯಿರಿ, ಅತ್ತೆಯವರನ್ನೂ ಕರೆದುಕೊಂಡು ಹೋಗಿ.