ಗಂಟುಮೋರೆಗೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು?

ಪುಣೆಯ ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಹೋಗುವ ಕನ್ನಡ ಮನೆಗಳ ಮಕ್ಕಳಿಗೆ ಆರನೆಯದೋ ಏಳನೆಯದೋ ತರಗತಿಯಲ್ಲಿ ಒಂದು ಪಟ್ಟಿ ಗಂಟುಬೀಳುತ್ತದೆ: ಗ್ಲೂಮಿ, ಸಲನ್, ಮೊರೋಸ್, ಸ್ಟರ್ನ್, ಗ್ರಿಮ್, ಹಾರ್ಶ್. ಎಲ್ಲವೂ ಸಮಾನಾರ್ಥಕ ಎಂದುಕೊಂಡು ಮಗು ಉರುಹೊಡೆಯುತ್ತದೆ. ಆಮೇಲೆ ‘ನನ್ನ ಅಜ್ಜ’ ಎಂಬ ಪ್ರಬಂಧದಲ್ಲಿ, ಧಾರವಾಡದಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದ ಅಜ್ಜನನ್ನು ಸಲನ್ ಎಂದು ಬರೆದುಬರುತ್ತದೆ. ಹೇಳಬೇಕೆಂದಿದ್ದದ್ದು ‘ಗಂಭೀರ ಮನುಷ್ಯ’, ಹೇಳಿದ್ದು ‘ಮುಖ ಊದಿಸಿಕೊಂಡು ಕೂತವರು’.

ಇದಕ್ಕಾಗಿ ಮಗುವನ್ನು ಬೈಯುವುದೂ ಬೇಡ, ಟ್ಯೂಷನ್ನಿಗೆ ಹಾಕುವುದೂ ಬೇಡ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆ ಎಲ್ಲ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯ ಮಾಡಿದೆ. ಅದರ ಜೊತೆ ಇಂಗ್ಲಿಷ್, ಹಿಂದಿ ಸೇರಿದರೆ ನಮ್ಮ ಮಕ್ಕಳ ಶಾಲೆಯ ದಿನ ತುಂಬಿಹೋಗುತ್ತದೆ. ಕನ್ನಡ ಉಳಿಯುವುದು ಮನೆಯಲ್ಲಿ. ಆದರೆ ಮುನಿಸು, ಗದರಿಕೆ, ರಮಿಸುವುದು ಎಲ್ಲ ನಡೆಯುವುದೂ ಮನೆಯಲ್ಲೇ. ಹಾಗಾಗಿ ಸಿಟ್ಟುಸೆಡವಿನ ಸೂಕ್ಷ್ಮಗಳನ್ನು ಮಗು ಮೊದಲು ಕಲಿತಿರುವುದು ನಿಮ್ಮ ಮಾತಿನಿಂದ. ಇಂಗ್ಲಿಷ್ ಪದವನ್ನು ಆ ತಿಳಿವಳಿಕೆಗೆ ಜೋಡಿಸಿಕೊಟ್ಟರೆ ಸಾಕು.

ಜೋಡಿಸುವಾಗ ಮಗುವನ್ನು ಎರಡು ಪ್ರಶ್ನೆ ಕೇಳಿ. ಇದು ಈ ಹೊತ್ತಿನ ಮುಖವೋ, ಹುಟ್ಟುಗುಣವೋ? ಈ ಪದದಲ್ಲಿ ದೂರು ಇದೆಯೋ, ಇಲ್ಲವೋ?

ಗ್ಲಮ್ ಎಂದರೆ ಈ ಹೊತ್ತಿನ ಮುಖ. ಸೊಸೈಟಿಯ ಕ್ರಿಕೆಟ್ಟಿನಲ್ಲಿ ಸೊನ್ನೆಗೆ ಔಟಾಗಿ ಬಂದ ಹುಡುಗನನ್ನು ನೋಡಿ ಉತ್ತರ ಕರ್ನಾಟಕದ ಅಜ್ಜಿ ‘ಯಾಕೋ, ಮಾರಿ ಸಪ್ಪಗ ಮಾಡ್ಕೊಂಡು ಕೂತೀಯಲ್ಲ?’ ಎನ್ನುತ್ತಾಳಲ್ಲ, ಅದು. ಗ್ಲೂಮಿ ಇನ್ನೂ ಅಗಲವಾದ ಪದ, ಮನುಷ್ಯನಿಗೂ ಸಲ್ಲುತ್ತದೆ, ಜುಲೈ ತಿಂಗಳಲ್ಲಿ ದಿನಗಟ್ಟಲೆ ಬಿಸಿಲು ಕಾಣದ ಪುಣೆಯ ಆಕಾಶಕ್ಕೂ ಸಲ್ಲುತ್ತದೆ. ಮೊರೋಸ್ ಎಂದರೆ ಒಳಗೇ ಕುದಿಯುತ್ತ, ಯಾರೊಡನೆಯೂ ಬೆರೆಯದೆ, ಮಾತು ಬಿಟ್ಟು ಕೂತವನು.

ಮಕ್ಕಳು ಹೆಚ್ಚು ಎಡವುವುದು ಸಲ್ಕಿ ಮತ್ತು ಸಲನ್ ನಡುವೆ. ಎರಡೂ ಮುನಿಸೇ. ಸಲ್ಕಿಯಲ್ಲಿ ಹುಸಿಮುನಿಸಿನ ಅಂಶವಿದೆ, ಯಾರಾದರೂ ಬಂದು ರಮಿಸಲಿ ಎಂಬ ನಿರೀಕ್ಷೆಯಿದೆ. ಮರಾಠಿಯವರು ‘ರುಸಲಾ’ ಎಂದು ನಗುತ್ತ ಹೇಳುವುದು ಇದನ್ನೇ. ಸಲನ್ ಆದವನಿಗೆ ರಮಿಸುವುದು ಬೇಕಿಲ್ಲ. ಅವನು ಬಾಗಿಲು ಹಾಕಿಕೊಂಡಾಗಿದೆ, ಕೇಳಿದ್ದಕ್ಕೆ ಉತ್ತರವೂ ಬರುವುದಿಲ್ಲ. ಐದು ವರ್ಷದ ಮಗುವಿಗೆ ಮೊದಲನೆಯದು, ಹದಿನೈದರ ಹುಡುಗನಿಗೆ ಎರಡನೆಯದು ಎಂದರೆ ತಾಯಂದಿರಿಗೆ ಥಟ್ಟನೆ ಅರ್ಥವಾಗುತ್ತದೆ.

ಇನ್ನು ನಮ್ಮ ಹೆಡ್‌ಮಾಸ್ತರ ಅಜ್ಜ. ಅವರಿಗೆ ಒಪ್ಪುವ ಪದ ಸ್ಟರ್ನ್, ಅಂದರೆ ಖಡಕ್. ಅದರಲ್ಲಿ ಶಿಸ್ತಿದೆ, ಅಧಿಕಾರವಿದೆ, ಗೌರವಕ್ಕೂ ಜಾಗವಿದೆ. ಹಾರ್ಶ್ ಎಂದ ಕೂಡಲೇ ದೂರು ಸೇರಿತು, ತಪ್ಪಿಗಿಂತ ಶಿಕ್ಷೆ ಹೆಚ್ಚಾಯಿತು ಎಂದು ಹೇಳಿದಂತಾಯಿತು. ಅಜ್ಜನ ದನಿ ಮಾತ್ರ ಒರಟು, ಮನಸ್ಸು ಮೆತ್ತಗೆ ಎಂದಾದರೆ ಗ್ರಫ್. ಸದಾ ಸಿಡುಕುತ್ತಿದ್ದರೂ ಮನೆಮಂದಿ ಪ್ರೀತಿಯಿಂದ ಸಹಿಸಿಕೊಳ್ಳುವಂತಿದ್ದರೆ ಗ್ರಂಪಿ. 1937ರ ಡಿಸ್ನಿ ಚಿತ್ರದಲ್ಲಿ ಸ್ನೋ ವೈಟಳ ಏಳು ಕುಳ್ಳರಲ್ಲಿ ಒಬ್ಬನ ಹೆಸರೇ ಗ್ರಂಪಿ, ಮಕ್ಕಳಿಗೆ ಅವನ ಮುಖ ತೋರಿಸಿದರೆ ವಿವರಣೆಯೇ ಬೇಡ.

ಪುಣೆಯಲ್ಲಿರುವವರಿಗೆ ಒಂದು ಅನುಕೂಲವಿದೆ. ಈ ಪದಗಳಲ್ಲಿ ಕೆಲವನ್ನು ಊರು ಸುತ್ತುತ್ತಲೇ ಕಲಿಸಬಹುದು. ಭಾನುವಾರ ಶನಿವಾರವಾಡಕ್ಕೆ ಹೋಗಿ. ಒಂದನೆಯ ಬಾಜೀರಾಯನ ಕಾಲದಲ್ಲಿ, 1732ರಲ್ಲಿ ಮುಗಿದ ಆ ಕೋಟೆಮನೆಯ ಒಳಗಿನ ಕಟ್ಟಡಗಳು 1828ರ ಬೆಂಕಿಯಲ್ಲಿ ಸುಟ್ಟುಹೋದವು. ಆದರೆ ದಿಲ್ಲಿ ದರ್ವಾಜಾ ಇನ್ನೂ ನಿಂತಿದೆ. ಆನೆಗಳು ಹಣೆಕೊಟ್ಟು ಗುದ್ದದಂತೆ ಅದರ ಕದಗಳಿಗೆ ಉಕ್ಕಿನ ಮೊಳೆಗಳನ್ನು ಹೊಡೆದಿದ್ದಾರೆ. ಬಾಗಿಲಿಗೆ ಯಾರ ಮೇಲೂ ಸಿಟ್ಟಿಲ್ಲ, ಆದರೂ ಹತ್ತಿರ ಹೋಗಲು ಹಿಂಜರಿಕೆಯಾಗುತ್ತದೆ. ಫರ್ಬಿಡಿಂಗ್ ಎಂದರೆ ಇಷ್ಟೇ. ಕೆಲವರ ಮುಖವೂ ಹಾಗೇ ಇರುತ್ತದೆ. (ಶನಿಯ ಮಾತು ಬಂತು ಎಂದು ಹೇಳುತ್ತೇನೆ: ಇಂಗ್ಲಿಷಿನಲ್ಲಿ ಸ್ಯಾಟರ್ನೈನ್ ಎಂಬ ಪದವೂ ಉಂಟು. ಶನಿಗ್ರಹದ ಪ್ರಭಾವದಲ್ಲಿ ಹುಟ್ಟಿದವರು ಮಂಕು ಸ್ವಭಾವದವರು ಎಂಬ ಯುರೋಪಿನ ಹಳೆಯ ನಂಬಿಕೆಯಿಂದ ಬಂದದ್ದು. ಶನಿಮಹಾತ್ಮೆ ಕೇಳಿ ಬೆಳೆದವರಿಗೆ ಇದನ್ನು ಬಾಯಿಪಾಠ ಮಾಡುವ ಕಷ್ಟವಿಲ್ಲ.)

ಇನ್ನೊಂದು ದಿನ ಆಗಾ ಖಾನ್ ಅರಮನೆ. 1942ರಿಂದ 1944ರವರೆಗೆ ಗಾಂಧೀಜಿಯನ್ನು ಸೆರೆಯಿಟ್ಟಿದ್ದ ಜಾಗ ಅದು. ಮಹಾದೇವ ದೇಸಾಯಿ ಮತ್ತು ಕಸ್ತೂರಬಾ ಇಬ್ಬರೂ ಅಲ್ಲೇ ತೀರಿಕೊಂಡರು, ಅವರ ಸಮಾಧಿಗಳೂ ಅಲ್ಲೇ ಇವೆ. ಸಮಾಧಿಯ ಮುಂದೆ ದನಿ ತಾನಾಗಿ ತಗ್ಗುತ್ತದಲ್ಲ, ಆ ವಾತಾವರಣ ಸಾಂಬರ್. ಗಾಂಧೀಜಿ ಬದುಕಿದ ರೀತಿ ಆಸ್ಟಿಯರ್, ಬೇಕುಗಳನ್ನು ಬೇಕೆಂದೇ ಕಡಿಮೆ ಮಾಡಿಕೊಂಡ ಬಾಳು. ಅದರಲ್ಲಿ ಬೇಸರವೇನೂ ಇರಲಿಲ್ಲ, ಅವರು ತಮಾಷೆಯ ಮನುಷ್ಯ. ಇಂಥ ಪಟ್ಟಿಗಳಲ್ಲಿ ಆಸ್ಟಿಯರನ್ನು ಗ್ಲೂಮಿಯ ಪಕ್ಕ ಕೂರಿಸುವುದು ನನಗಂತೂ ಅನ್ಯಾಯವೆನಿಸುತ್ತದೆ.

ದಾರಿಯಲ್ಲಿ ಸದಾಶಿವ ಪೇಠೆಯ ‘ಪುಣೇರಿ ಪಾಟಿ’ಗಳನ್ನು ಓದಿಸುವುದನ್ನು ಮರೆಯಬೇಡಿ. ಮಧ್ಯಾಹ್ನ 1ರಿಂದ 4 ಅಂಗಡಿ ತೆರೆಯುವುದಿಲ್ಲ, ಬೆಲ್ಲು ಒಂದೇ ಸಲ ಒತ್ತಿ ಎಂಬ ಧಾಟಿಯ ಆ ಫಲಕಗಳ ಮಾತು ಕರ್ಟ್, ಅಂದರೆ ಚುಟುಕಾದ ಬಿರುಸು. ಪು.ಲ. ದೇಶಪಾಂಡೆಯವರು ಪುಣೇಕರರ ಈ ಗತ್ತನ್ನು ಹಾಸ್ಯಕ್ಕೆ ತಂದವರು. ಊರೇ ತನ್ನ ಗಂಟುಮೋರೆಯನ್ನು ನೋಡಿ ನಗಬಲ್ಲದು ಎನ್ನುವುದು ಮಕ್ಕಳಿಗೂ ಗೊತ್ತಾಗಲಿ.

ಇಷ್ಟು ಪದ ಕಲಿತ ಮೇಲೆ ಹಿರಿಯರು ಒಂದು ಎಚ್ಚರ ವಹಿಸಬೇಕು. ಅವನ್ನು ಮಗುವಿನ ಹಣೆಗೆ ಅಂಟಿಸಬೇಡಿ. ‘ನೀನು ಸಿಡುಕ’ ಎಂದರೆ ಅದು ಗುಣದ ಮೇಲಿನ ತೀರ್ಪು. ‘ಈಗ ಸಿಟ್ಟು ಬಂದಿದೆಯೇನೋ?’ ಎಂದರೆ ಮಾತಿಗೆ ದಾರಿ. ಅಮೆರಿಕದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರದ ಮುಖದಲ್ಲಿ ಕಾಣುವ ಭಾವಕ್ಕೆ ಹೆಸರು ಕೊಟ್ಟಾಗ, ಭಯ ಮುಂತಾದ ಭಾವಗಳಿಗೆ ಮಿಡಿಯುವ ಮೆದುಳಿನ ಅಮಿಗ್ಡಲ ಭಾಗದ ಚಟುವಟಿಕೆ ತಗ್ಗಿದ್ದು ಕಂಡಿತು. ಅದು ದೊಡ್ಡವರ ಮೇಲೆ ನಡೆದ ಪ್ರಯೋಗ. ಆದರೆ ಮಕ್ಕಳು ತಮ್ಮ ಭಾವವನ್ನು ಹೆಸರಿಟ್ಟು ಹೇಳಲು ಕಲಿತರೆ ಒದ್ದಾಟ ಕಡಿಮೆಯಾಗುತ್ತದೆ ಎಂದು ಮಕ್ಕಳ ಮನಶ್ಶಾಸ್ತ್ರಜ್ಞರೂ ಹೇಳುತ್ತಾರೆ. ಹೆಸರು ಕನ್ನಡದ್ದಾದರೂ ನಡೆಯುತ್ತದೆ.

ಮತ್ತೆ, ಎಲ್ಲ ಮಂಕೂ ವಿಶೇಷಣದ ವಿಷಯವಲ್ಲ. ಎರಡು ವಾರ ಕಳೆದರೂ ಮಗು ಬಹುಪಾಲು ದಿನ ಸಪ್ಪಗೋ ಸಿಡಿಮಿಡಿಯಾಗಿಯೋ ಇದ್ದು, ನಿದ್ದೆ, ಊಟ, ಆಟದ ಆಸೆ ಬದಲಾದರೆ ಮಕ್ಕಳ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಿ. ಮಕ್ಕಳಲ್ಲಿ ಖಿನ್ನತೆ ಅಳುವಿಗಿಂತ ಸಿಡುಕಾಗಿ ಕಾಣಿಸಿಕೊಳ್ಳುವುದುಂಟು. ಸಾಯುವ ಮಾತು ಬಂದರಂತೂ ಎರಡು ವಾರ ಕಾಯಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲುರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು.